ಮರದ ಸೇತುವೆಗೆ ಚಾವಣಿ ಯಾರಿಗೋಸ್ಕರ?

"ಅಮೆರಿಕ, ಸ್ವಿಟ್ಜರ್ಲೆಂಡ್ ಫೋಟೋಗಳಲ್ಲಿ ಹೊಳೆ ಮೇಲೆ ಮನೆ ಥರ ಮಾಡು ಇರುವ ಮರದ ಸೇತುವೆ ಕಾಣುತ್ತವಲ್ಲ, ಅದಕ್ಕೆ ಚಾವಣಿ ಯಾಕೆ? ಅವರಿಗಿಂತ ಜಾಸ್ತಿ ಮಳೆ ಬೀಳುವುದು ನಮ್ಮ ಕೊಡಗಿನಲ್ಲಿ. ಹಾಗಿದ್ದರೆ ನಮ್ಮಲ್ಲಿ ಯಾಕಿಲ್ಲ?" ನಾಪೋಕ್ಲು ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಮಳೆಗಾಲ ಬಂತೆಂದರೆ ಇಂಥದ್ದೇ ಪ್ರಶ್ನೆ ಬೇರೆಯವರೂ ಕೇಳುತ್ತಾರೆ.

ಚಾವಣಿ ದಾಟುವ ಜನರಿಗಲ್ಲ, ಸೇತುವೆಗೇ. ಇಷ್ಟೇ ಉತ್ತರ. ಆದರೆ ಸೇತುವೆ ಅಂದರೆ ಅದರಲ್ಲಿ ಯಾವ ಭಾಗ ಅನ್ನುವುದನ್ನು ನೋಡದಿದ್ದರೆ ಇದು ಪೂರ್ತಿ ಅರ್ಥವಾಗುವುದಿಲ್ಲ.

ನಾವು ಕಾಲಿಡುವ ಹಲಗೆಯನ್ನೇ ಸೇತುವೆ ಅಂದುಕೊಳ್ಳುತ್ತೇವೆ, ಅಲ್ವಾ? ಹಲಗೆ ಹೋದರೆ ಹೋಯಿತು, ನಾಳೆ ಬೇರೆ ಹೊಡೆಯಬಹುದು. ಭಾರ ಹೊರುವುದು ಎರಡು ಪಕ್ಕದ ಗೋಡೆಗಳು. ಹೊರಗಿನ ಹಲಗೆ ಬಿಚ್ಚಿದರೆ ಒಳಗೆ ದಪ್ಪ ತೊಲೆಗಳ ಚೌಕಟ್ಟು ಕಾಣುತ್ತದೆ. ಮೇಲೊಂದು ಉದ್ದ ತೊಲೆ, ಕೆಳಗೊಂದು, ನಡುವೆ ನೆಟ್ಟಗಿನ ಕಂಬಗಳು, ಕಂಬಗಳ ಮಧ್ಯೆ ಓರೆ ತೊಲೆಗಳು. ಎಂಜಿನಿಯರುಗಳು ಇದನ್ನು ಟ್ರಸ್ ಅನ್ನುತ್ತಾರೆ. ತೋಟದ ಮರದ ಗೇಟಿಗೆ ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹೊಡೆಯದಿದ್ದರೆ ಒಂದೇ ವರ್ಷಕ್ಕೆ ಜೋಲುತ್ತದಲ್ಲ, ಇಲ್ಲಿನ ಲೆಕ್ಕವೂ ಅದೇ. ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಗಾಡಿ ಬಂದಾಗ ಮೇಲಿನ ತೊಲೆ ಒತ್ತಿಸಿಕೊಳ್ಳುತ್ತದೆ, ಕೆಳಗಿನ ತೊಲೆ ಎಳೆಸಿಕೊಳ್ಳುತ್ತದೆ, ಭಾರವೆಲ್ಲ ಓರೆ ತೊಲೆಗಳ ಮೂಲಕ ದಡದ ಕಲ್ಲುಕಟ್ಟಡಕ್ಕೆ ಹೋಗಿ ಸೇರುತ್ತದೆ.

ಈ ಗೋಡೆಯಲ್ಲಿ ಒಂದೇ ಒಂದು ಕೂಡು ನೋಡಿ. ಕಂಬದ ಬುಡ ಕೆಳಗಿನ ತೊಲೆಯ ಕಚ್ಚಿನೊಳಗೆ ಕೂತಿರುತ್ತದೆ, ಪಕ್ಕದಿಂದ ಓರೆ ತೊಲೆ ಬಂದು ಅದಕ್ಕೆ ಒತ್ತಿ ನಿಂತಿರುತ್ತದೆ, ಎಲ್ಲವನ್ನೂ ಗಟ್ಟಿಮರದ ಗೂಟ ಹಿಡಿದಿರುತ್ತದೆ. ಮಳೆ ನೀರು ತೊಲೆಯ ಮೈ ಮೇಲೆ ಬಿದ್ದರೆ ಹರಿದು ಹೋಗುತ್ತದೆ, ಗಾಳಿಗೆ ಒಣಗುತ್ತದೆ. ಕಚ್ಚಿನೊಳಗೆ ಇಳಿದ ನೀರು ಎಲ್ಲಿಗೂ ಹೋಗುವುದಿಲ್ಲ. ಅದೂ ಅಲ್ಲದೆ ಅಡ್ಡ ಕೊಯ್ದ ತುದಿಯಲ್ಲಿ ಮರ ನೀರು ಹೀರುವಷ್ಟು ಬೇಗ ಬೇರೆಲ್ಲೂ ಹೀರುವುದಿಲ್ಲ, ಮತ್ತು ಆ ತುದಿ ಇರುವುದೇ ಕಚ್ಚಿನೊಳಗೆ. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಅದನ್ನು ದಾಟಿ ತೇವ ಏರಿ ಅಲ್ಲೇ ನಿಂತರೆ ಒಳಗಿಂದ ಕೊಳೆಯಲು ಶುರು. ಹೊರಗಿನಿಂದ ತೊಲೆ ಚೆನ್ನಾಗೇ ಕಾಣುತ್ತಿರುತ್ತದೆ, ಉಳಿಯಿಂದ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಬರೀ ಮೈಯ ಮರದ ಸೇತುವೆ ಹತ್ತಿಪ್ಪತ್ತು ವರ್ಷ ಬಾಳಿದರೆ ದೊಡ್ಡದು. ಮಾಡು ಹಾಕಿ, ಆಗಾಗ ನೋಡಿಕೊಂಡಿದ್ದಕ್ಕೆ ನೂರು ವರ್ಷ ಏನೂ ಹೆಚ್ಚಲ್ಲ.

ಹಿಮ ಬೀಳಬಾರದು ಅಂತ ಚಾವಣಿ ಹಾಕುತ್ತಿದ್ದರು ಅನ್ನುವವರಿದ್ದಾರೆ. ನನಗಂತೂ ಇದು ಸುಮ್ನೆ ಹುಟ್ಟಿದ ಮಾತು ಅನ್ನಿಸುತ್ತದೆ. ಯಾಕೆಂದರೆ ಆಗಿನ ಕಾಲದಲ್ಲಿ ಅಲ್ಲಿ ಚಳಿಗಾಲಕ್ಕೆ ಚಕ್ರದ ಗಾಡಿ ಬದಲು ಹಿಮದ ಮೇಲೆ ಜಾರುವ ಗಾಡಿ ಓಡಿಸುತ್ತಿದ್ದರು, ಸೇತುವೆಯೊಳಗೆ ಹಿಮವೇ ಇಲ್ಲದಿದ್ದರೆ ಅದು ಜಾರುವುದಾದರೂ ಹೇಗೆ? ಹಾಗಾಗಿ ಆಳಿಟ್ಟು ಹೊರಗಿನ ಹಿಮವನ್ನು ಸಲಿಕೆಯಲ್ಲಿ ಒಳಗೆ ತಂದು ಹರಡಿಸುತ್ತಿದ್ದರು!

ಅಮೆರಿಕದ ಮೊದಲ ಚಾವಣಿ ಸೇತುವೆ ಅನ್ನುವುದು ಫಿಲಡೆಲ್ಫಿಯಾದಲ್ಲಿ 1805ರಲ್ಲಿ ಮುಗಿದದ್ದು. ಕಟ್ಟಿದವರು ಟಿಮೊಥಿ ಪಾಮರ್. ಇಷ್ಟು ಖರ್ಚು ಮಾಡಿ ಕಟ್ಟಿದ್ದು ಕೊಳೆಯಬಾರದು, ಮೇಲೆ ಹೊದಿಸಿ ಅಂತ ಪಟ್ಟು ಹಿಡಿದವರು ಸೇತುವೆ ಕಂಪನಿಯ ರಿಚರ್ಡ್ ಪೀಟರ್ಸ್, ವೃತ್ತಿಯಲ್ಲಿ ನ್ಯಾಯಾಧೀಶರು. ಆಮೇಲೆ ಅಲ್ಲಿ ಇದೇ ಪದ್ಧತಿಯಾಯಿತು. 1820ರಲ್ಲಿ ಇಥಿಯೆಲ್ ಟೌನ್ ಎಂಬ ವಾಸ್ತುಶಿಲ್ಪಿ ಒಂದು ಜಾಣ ಉಪಾಯಕ್ಕೆ ಪೇಟೆಂಟ್ ತೆಗೆದುಕೊಂಡರು. ದೊಡ್ಡ ತೊಲೆಯೇ ಬೇಡ, ಕಚ್ಚು ಕೊರೆಯುವ ನುರಿತ ಆಚಾರಿಯೂ ಬೇಡ, ಗರಗಸದ ಮಿಲ್ಲಿನಲ್ಲಿ ಸಿಗುವ ಹಲಗೆಗಳನ್ನೇ ಅಡ್ಡಡ್ಡ ಜಾಲರಿಯಂತೆ ಜೋಡಿಸಿ, ದಾಟುವ ಕಡೆಯೆಲ್ಲ ತೂತು ಕೊರೆದು ಮರದ ಗೂಟ ಹೊಡೆದರೆ ಆಯಿತು. ವಿನ್ಯಾಸ ಬಳಸಿದವರಿಂದ ಅಡಿಗೆ ಇಷ್ಟು ಡಾಲರ್ ಅಂತ ವಸೂಲಿಯನ್ನೂ ಮಾಡಿದರು. 1840ರ ಹೊತ್ತಿಗೆ ವಿಲಿಯಂ ಹೋ ಬಂದು ನೆಟ್ಟಗಿನ ಕಂಬದ ಜಾಗದಲ್ಲಿ ಕಬ್ಬಿಣದ ಸರಳು ಹಾಕಿದರು, ಸಡಿಲವಾದಾಗ ನಟ್ಟು ತಿರುಗಿಸಿದರೆ ಮತ್ತೆ ಬಿಗಿ. ಮರದ ಸೇತುವೆಗಳ ಕಾಲ ಮುಗಿಯುತ್ತ ಬಂದದ್ದೂ ಅಲ್ಲಿಂದಲೇ ಅನ್ನಬಹುದು, ಒಳಗೆ ಬಂದ ಕಬ್ಬಿಣ ನಿಧಾನಕ್ಕೆ ಮರವನ್ನೇ ಹೊರಗೆ ತಳ್ಳಿತು.

ಹಾಗಂತ ಇದು ಅಮೆರಿಕದವರ ಸ್ವತ್ತಲ್ಲ. ಸ್ವಿಟ್ಜರ್ಲೆಂಡಿನ ಲುಸರ್ನ್‌ನ ಸೇತುವೆ 14ನೇ ಶತಮಾನದ್ದು. 1993ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ದೊಡ್ಡ ಭಾಗ ಸುಟ್ಟುಹೋಯಿತು, ಚಾವಣಿಯಡಿಯ ಹಳೆಯ ಚಿತ್ರಗಳಲ್ಲಿ ಹೆಚ್ಚಿನವೂ ಹೋದವು, ಮರುವರ್ಷವೇ ಕಟ್ಟಿ ತೆರೆದರು. ಚೀನಾದ ಫುಜಿಯಾನ್, ಝೆಜಿಯಾಂಗ್ ಬೆಟ್ಟಗಳಲ್ಲಿ ಉದ್ದ ಮರಗಳನ್ನು ಒಂದರ ಕೆಳಗೊಂದು ಹೆಣೆದು ಕಮಾನು ಮಾಡುತ್ತಾರೆ. ಅಲ್ಲಿ ಚಾವಣಿಗೆ ಇನ್ನೊಂದು ಕೆಲಸವೂ ಇದೆ, ಅದರ ಭಾರ ಕಮಾನನ್ನು ಒತ್ತಿ ಗಟ್ಟಿಯಾಗಿ ಕೂರಿಸುತ್ತದೆ. ಈ ಕೌಶಲ ಅಳಿಯುತ್ತಿದೆ ಎಂದು ಯುನೆಸ್ಕೊ 2009ರಲ್ಲಿ ತುರ್ತು ರಕ್ಷಣೆಯ ಪಟ್ಟಿಗೆ ಸೇರಿಸಿತ್ತು. ಜಗತ್ತಿನಲ್ಲೇ ಉದ್ದದ ಚಾವಣಿ ಸೇತುವೆ ಕೆನಡಾದ ಹಾರ್ಟ್‌ಲ್ಯಾಂಡಿನಲ್ಲಿದೆ, 391 ಮೀಟರ್. ತಮಾಷೆ ಏನೆಂದರೆ ಅದು 1901ರಲ್ಲಿ ಶುರುವಾದಾಗ ಚಾವಣಿಯೇ ಇರಲಿಲ್ಲ, 1922ರಲ್ಲಿ ಹಾಕಿದರು.

ಈಗ ನಮ್ಮ ಕೊಡಗಿಗೆ ಬರೋಣ. ಮರವನ್ನು ಮಳೆಯಿಂದ ಕಾಪಾಡುವ ವಿದ್ಯೆ ನಮಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಹಳೆಯ ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲ ಮನೆಗಳ, ಕೆತ್ತನೆ ಕಂಬಗಳು ಇಷ್ಟು ಮಳೆಗಾಲ ಕಂಡೂ ನಿಂತಿರುವುದು ಮಾಡು ಹೊರಗೆ ಚಾಚಿರುವುದರಿಂದ. ಆದರೆ ಮನೆಗೆ ಮಳೆ ಬರುವುದು ಮೇಲಿನಿಂದ ಮಾತ್ರ. ಹೊಳೆಯ ಮೇಲೆ ಕೂತ ಸೇತುವೆಗೆ ಕೆಳಗಿಂದಲೂ ನೀರು ಬರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಭಾಗಮಂಡಲದಲ್ಲಿ ಕಾವೇರಿ ಏರುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ನೆರೆ ನೀರು ಸೇತುವೆಯ ಮಟ್ಟಕ್ಕೆ ಬಂದರೆ ಹಲಗೆ ಮುಚ್ಚಿದ ಪಕ್ಕದ ಗೋಡೆಗಳೇ ಶತ್ರು. ನೀರು ತೂರಿ ಹೋಗಲು ಜಾಗವಿಲ್ಲ, ಎದುರಿನಿಂದ ತಳ್ಳುತ್ತದೆ, ಮರವಾದ್ದರಿಂದ ಕೆಳಗಿನಿಂದ ಎತ್ತುತ್ತದೆ, ಜೊತೆಗೆ ತೇಲಿ ಬಂದ ಮರದ ದಿಮ್ಮಿ ಬಂದು ಗುದ್ದುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ಬಾರ್ಟನ್ಸ್‌ವಿಲ್ ಸೇತುವೆ 2011ರ ಚಂಡಮಾರುತದ ನೆರೆಯಲ್ಲಿ ಚಾವಣಿ ಸಮೇತ ಹೊಳೆಗೆ ಜಾರಿತ್ತು.

ಇನ್ನೊಂದು ತೊಂದರೆ ನಮ್ಮ ತೇವದ ಗಾಳಿ. ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಊರಲ್ಲಿ, ಮಾಡಿನ ಕೆಳಗಿದ್ದರೂ ಮರದ ತೇವ ಆ ಶೇಕಡಾ 20ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮೇಲಿಂದ ಗೆದ್ದಲು ಬೇರೆ. ಆದ್ದರಿಂದ ಸಣ್ಣ ತೋಡಿಗೆ ಅಡಿಕೆ ಮರವೋ ಬಿದಿರೋ ಹಾಕಿದ ಕಾಲುಸಂಕ, ಹೋದರೆ ಇನ್ನೊಂದು ಅಂತ ಬದುಕಿದ್ದು ದಡ್ಡತನ ಅಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ಹೊಳೆಗೆ ಈಗ ಉಕ್ಕಿನ ಹಗ್ಗದ ತೂಗುಸೇತುವೆ ಬಂದಿದೆ. ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ ಇಂಥವನ್ನು ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದವರು. ಅದಕ್ಕೆ ಹೊಳೆ ಮಧ್ಯೆ ಕಂಬ ಬೇಡ, ನೀರು ತಡೆಯುವ ಗೋಡೆಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ತೋಟದ ತೋಡಿಗೆ ಮರದ ಸೇತುವೆಯೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಹೆಂಚಿನ ಮಾಡು ಹಾಕುವುದಾದರೆ ಎರಡೂ ಪಕ್ಕ ಚೆನ್ನಾಗಿ ಹೊರಗೆ ಚಾಚಿ, ಪಕ್ಕದ ಗೋಡೆಯನ್ನು ಪೂರ್ತಿ ಮುಚ್ಚಬೇಡಿ, ಗಾಳಿ ಆಡಲಿ. ತೊಲೆಯ ತುದಿ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಕೂರಿಸಿ. ಹೆಂಚು ಒಡೆದರೆ ಅದೇ ವಾರ ಬದಲಿಸಿ, ಸೋರುವ ಮಾಡು ನೀರನ್ನು ಒಂದೇ ಕೂಡಿಗೆ ಸುರಿಯುತ್ತಿರುತ್ತದೆ. ಮಾಡಿಗೆ ದುಡ್ಡಿಲ್ಲವೆಂದರೆ ಹಲಗೆ ಹೊಡೆಯುವ ಮೊದಲು ತೊಲೆಯ ನೆತ್ತಿಗೆ ತಗಡಿನ ಪಟ್ಟಿ ಹೊದಿಸಿ ಎರಡೂ ಬದಿಗೆ ಮಡಚಿ, ಹಲಗೆಗಳ ನಡುವೆ ನೀರು ಇಳಿಯುವಷ್ಟು ಸಂದು ಬಿಡಿ. ಅಷ್ಟರಿಂದಲೇ ತೊಲೆ ಇನ್ನೂ ಕೆಲವು ಮಳೆಗಾಲ ತಡೆಯುತ್ತದೆ.