ಸೆಕೆಂಡರಿ ಇನ್ಫೆಕ್ಷನ್: ಎರಡನೆಯದು ಅಂದರೆ ಚಿಕ್ಕದು ಅಂತಲ್ಲ

"ಫ್ಲೂ ಕಡಿಮೆ ಆಯ್ತಂತೆ. ಈಗೇನೋ ಸೆಕೆಂಡರಿ ಇನ್ಫೆಕ್ಷನ್ ಅಂತೆ. ಸದ್ಯ, ದೊಡ್ಡದೇನಲ್ಲ."

ಬ್ಲಡ್ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿದ್ದ ನಮ್ಮ ಸಂಬಂಧಿಕರೊಬ್ಬರ ಮನೆಯಿಂದ ಫೋನಿನಲ್ಲಿ ಈ ಮಾತು ಬಂದಾಗ ನನ್ನ ಎದೆ ಧಸಕ್ಕೆಂದಿತು. ಹೇಳಿದವರದ್ದು ತಪ್ಪಲ್ಲ. ಸೆಕೆಂಡ್ ಕ್ಲಾಸ್, ಸೆಕೆಂಡ್ ಹ್ಯಾಂಡ್ ಅಂತ ಕೇಳಿ ಕೇಳಿ, ಸೆಕೆಂಡರಿ ಅಂದರೆ ಒಂದು ಮೆಟ್ಟಿಲು ಕೆಳಗಿನದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಡಾಕ್ಟರ ಬಾಯಲ್ಲಿ ಅದು ಬರೀ ಸರದಿಯ ಮಾತು. ಮೊದಲು ಒಂದು ಸೋಂಕು ಬಂತು. ಅದು ಮಾಡಿಟ್ಟ ಹಾನಿಯಿಂದ ಇನ್ನೊಂದಕ್ಕೆ ದಾರಿಯಾಯಿತು. ಪತ್ರಿಕೆಗಳಲ್ಲಿ ಇದನ್ನು ದ್ವಿತೀಯಕ ಸೋಂಕು ಅನ್ನುತ್ತಾರೆ. ಬೆನ್ನಿಗೇ ಬರುವ ಸೋಂಕು ಅಂದರೆ ಇನ್ನೂ ಸಲೀಸು. ಎರಡೂ ಒಟ್ಟೊಟ್ಟಿಗೇ ಬಂದಿದ್ದರೆ ಅದಕ್ಕೆ ಕೋ-ಇನ್ಫೆಕ್ಷನ್ ಅಂತ ಬೇರೆ ಹೆಸರಿದೆ.

ದಾರಿ ಹೇಗಾಗುತ್ತದೆ? ನಮ್ಮ ಶ್ವಾಸನಾಳದ ಒಳಮೈ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಧೂಳು, ಬ್ಯಾಕ್ಟೀರಿಯಾ ಅಂಟಿದ ಕಫವನ್ನು ಅವು ಹಗಲೂ ರಾತ್ರಿ ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಫ್ಲೂ ವೈರಸ್ ಈ ಕೂದಲಿರುವ ಜೀವಕೋಶಗಳಿಗೂ ಹೊಕ್ಕುತ್ತದೆ. ಅವು ಸತ್ತು ಉದುರಿದರೆ ಗುಡಿಸುವವರೇ ಇಲ್ಲ. ಮೂಗು ಗಂಟಲಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾ ಆಗ ಎದೆಗೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ವಿಜ್ಞಾನಿಗಳು ಮತ್ತೆ ತೆಗೆದು ನೋಡಿ 2008ರಲ್ಲಿ ವರದಿ ಮಾಡಿದರು. ಹೆಚ್ಚಿನವರ ಪ್ರಾಣ ತೆಗೆದದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಅಂತ ಗೊತ್ತಾಯಿತು. ಅವರಲ್ಲಿ ಎಷ್ಟೋ ಜನ ಗಟ್ಟಿಮುಟ್ಟಾದ ಹರೆಯದವರು. ಹಾಗಿದ್ದ ಮೇಲೆ, ರಕ್ತದಲ್ಲೇ ಕಾವಲು ಕಳೆದುಕೊಂಡವರ ಪಾಡು ಏನು?

ಕಾವಲು ಅಂದರೆ ಮುಖ್ಯವಾಗಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ. ಲ್ಯುಕೇಮಿಯಾ ಅನ್ನುವ ಬ್ಲಡ್ ಕ್ಯಾನ್ಸರ್‌ನಲ್ಲಿ, ರಕ್ತಕಣ ತಯಾರಾಗುವ ಮೂಳೆಯೊಳಗಿನ ಮಜ್ಜೆಯನ್ನು ಕೆಟ್ಟ ಕಣಗಳೇ ಆಕ್ರಮಿಸಿಕೊಳ್ಳುತ್ತವೆ. ಉಳಿದ ಒಳ್ಳೆಯ ಕಣಗಳನ್ನು ಕೀಮೋ ಸಹ ಬಡಿಯುತ್ತದೆ. ಸಾಮಾನ್ಯವಾಗಿ ಕೀಮೋ ಆಗಿ ಒಂದೆರಡು ವಾರದಲ್ಲಿ ಕೌಂಟ್, ಅಂದರೆ ಈ ಕಣಗಳ ಸಂಖ್ಯೆ, ತಳ ಮುಟ್ಟುತ್ತದೆ. ವಾರ್ಡಿನಲ್ಲಿ ಎಲ್ಲರೂ "ಕೌಂಟ್ ಎಷ್ಟಿದೆ?" ಅಂತ ಕೇಳಿಕೊಳ್ಳುವುದು ಇದಕ್ಕೇ. ರಕ್ತದ ರಿಪೋರ್ಟ್ ಕೈಯಲ್ಲಿದ್ದರೆ ಲೆಕ್ಕ ನೀವೇ ಹಾಕಬಹುದು. ಬಿಳಿ ರಕ್ತಕಣಗಳ ಟೋಟಲ್ ಕೌಂಟ್ 1,200, ಅದರಲ್ಲಿ ನ್ಯೂಟ್ರೋಫಿಲ್ 20 ಪರ್ಸೆಂಟ್ ಅಂತಿದ್ದರೆ ಇರುವುದು 240 ಮಾತ್ರ. 500ಕ್ಕಿಂತ ಕೆಳಗೆ ಹೋದರೆ ತೀವ್ರ ಅಪಾಯ.

ಇಲ್ಲೇ ಜನ ಮೋಸ ಹೋಗುವುದು. ಗಾಯ ಕೀವು ಕಟ್ಟುತ್ತದಲ್ಲ, ಆ ಕೀವು ಅಂದರೆ ಬಹುಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ. ನ್ಯೂಟ್ರೋಫಿಲ್ ಇಲ್ಲದವರಲ್ಲಿ ಕೀವೂ ಇಲ್ಲ. ಗಂಟಲು ಊದದೆ ಇರಬಹುದು, ಕಫ ಬರದೆ ಇರಬಹುದು, ಮೊದಲ ದಿನದ ಎಕ್ಸ್‌ರೇ ಕೂಡ ಸ್ವಚ್ಛ ಕಾಣಬಹುದು. ಒಳಗೆ ಮಾತ್ರ ಸೋಂಕು ಹಬ್ಬುತ್ತಿರುತ್ತದೆ. ಎಷ್ಟೋ ಸಲ ಹೊರಗೆ ಕಾಣುವ ಸುಳಿವು ಜ್ವರ ಒಂದೇ. ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಅದೂ ಬರದೆ ಬರೀ ಸುಸ್ತು, ಮಂಪರು, ಏದುಸಿರು ಇರಬಹುದು.

ಕೌಂಟ್ ಸರಿ ಇದೆ ಅಂದ ಮಾತ್ರಕ್ಕೆ ನಿರಾಳ ಆಗುವಂತಿಲ್ಲ. ಮೈಲೋಮಾ ಅನ್ನುವ ಇನ್ನೊಂದು ಬ್ಲಡ್ ಕ್ಯಾನ್ಸರ್ ಇದ್ದವರಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನ್‌ಗಳಾದ ಆಂಟಿಬಾಡಿಗಳಲ್ಲಿ ಕೆಲಸಕ್ಕೆ ಬರುವಂಥವೇ ಕಡಿಮೆ. ಲಿಂಫೋಮಾ ಅನ್ನುವ ಮತ್ತೊಂದು ಬ್ಲಡ್ ಕ್ಯಾನ್ಸರ್‌ಗೆ ಕೊಡುವ ರಿಟುಕ್ಸಿಮ್ಯಾಬ್ ಔಷಧ, ಆಂಟಿಬಾಡಿ ತಯಾರಿಸುವ ದಾರಿಯನ್ನೇ ತಿಂಗಳುಗಟ್ಟಲೆ ಮುಚ್ಚಿಬಿಡುತ್ತದೆ.

ಬೆನ್ನಿಗೆ ಬರುವುದು ಬ್ಯಾಕ್ಟೀರಿಯಾವೇ ಆಗಬೇಕೆಂದೂ ಇಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹಿಂದೆಯೇ ಬ್ಲ್ಯಾಕ್ ಫಂಗಸ್ ಬಂದದ್ದು ನೆನಪಿದೆ ಅಲ್ವಾ? ಆಗ ಹೆಚ್ಚಾಗಿ ತುತ್ತಾದವರು ಶುಗರ್ ಇದ್ದವರು, ಸ್ಟೀರಾಯ್ಡ್ ತಗೊಂಡವರು. ಅದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಮನೆಯವರು ಊರೆಲ್ಲ ಅಲೆದರು. ಬ್ಲಡ್ ಕ್ಯಾನ್ಸರ್ ವಾರ್ಡುಗಳಿಗೆ ಆ ರೋಗ ಕೋವಿಡ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಇನ್ನೊಂದು ಫಂಗಸ್ ಆಸ್ಪರ್ಜಿಲಸ್. ಇದರ ಕಣಗಳು ಮನೆ ಕಟ್ಟುವ ಧೂಳಿನಲ್ಲಿ, ಹೂಕುಂಡದ ಗೊಬ್ಬರದಲ್ಲಿ, ನಾವು ಎಳೆಯುವ ಉಸಿರಿನಲ್ಲಿ ಎಲ್ಲೆಲ್ಲೂ ಇವೆ. ನಮಗೆ ಏನೂ ಆಗುವುದಿಲ್ಲ. ಫ್ಲೂ ಕೆರೆದಿಟ್ಟ ಶ್ವಾಸಕೋಶ, ಮೇಲೆ ನ್ಯೂಟ್ರೋಫಿಲ್ ಇಲ್ಲ ಅಂದರೆ ಅಲ್ಲೇ ಬೇರು ಬಿಡುತ್ತದೆ. ಬ್ಯಾಕ್ಟೀರಿಯಾದ ಆಂಟಿಬಯೋಟಿಕ್ ಇದನ್ನು ಮುಟ್ಟುವುದೂ ಇಲ್ಲ. ಅದಕ್ಕೇ ಆಂಟಿಬಯೋಟಿಕ್ ಕೊಟ್ಟು ಕೆಲವು ದಿನವಾದರೂ ಜ್ವರ ಬಿಡದಿದ್ದರೆ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್ ಬರೆಯುತ್ತಾರೆ. ಇದೇನು ಸುಮ್ನೆ ದುಡ್ಡಿನ ಖರ್ಚು ಅಂದುಕೊಳ್ಳಬೇಡಿ.

ಮನೆಯಲ್ಲಿ ಗಮನಿಸಬೇಕಾದ ಒಂದು ಲಕ್ಷಣ ಇದೆ. ನೆಗಡಿ ಜ್ವರ ಇಳಿಯಿತು, ಒಂದೆರಡು ದಿನ ಹುಷಾರಾದರು, ಮತ್ತೆ ಜ್ವರ ಏರಿತು. ಈ ಮರುಜ್ವರ ಬೆನ್ನಿಗೆ ಬಂದ ಸೋಂಕಿನ ಸುಳಿವಾಗಿರಬಹುದು. ಕೌಂಟ್ ಕಡಿಮೆ ಇರುವವರಿಗೆ ಒಂದೇ ಸಲಕ್ಕೆ 101 ಡಿಗ್ರಿ ಮುಟ್ಟಿದರೆ, ಇಲ್ಲವೇ 100.4 ಒಂದು ಗಂಟೆ ಇಳಿಯದೆ ನಿಂತರೆ ಅದು ಎಮರ್ಜೆನ್ಸಿ. ನಿಮ್ಮ ಡಾಕ್ಟರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಹಿಡಿಯಿರಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು ಅನ್ನುವುದು ವೈದ್ಯರ ನಿಯಮ. ರಾತ್ರಿ 2 ಗಂಟೆಯಾದರೂ ಹೊರಡಿ. ಬೆಳಗ್ಗೆ ನೋಡೋಣ ಅಂತ ಜ್ವರದ ಮಾತ್ರೆ ನುಂಗಿಸಿ ಮಲಗಿಸಬೇಡಿ. ಆ ಮಾತ್ರೆ ಇಳಿಸುವುದು ಜ್ವರವನ್ನು, ಸೋಂಕನ್ನಲ್ಲ. ಇದ್ದ ಒಂದು ಸುಳಿವೂ ಮುಚ್ಚಿಹೋಗುತ್ತದೆ.

ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಯಾವಾಗ ಹಾಕಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಚಿಕಿತ್ಸೆಯ ನಡುವೆ ರೋಗಿಗೆ ಲಸಿಕೆ ಅಷ್ಟಾಗಿ ಹಿಡಿಯದೆ ಇರಬಹುದು. ಹಾಗಾಗಿ ಮನೆಯಲ್ಲಿರುವ ಉಳಿದವರೆಲ್ಲ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು. ಮೂಗು ಸೋರುತ್ತಿರುವ ಮೊಮ್ಮಗು ಅಜ್ಜಿಯ ಮಡಿಲಿಗೆ ಓಡುವುದನ್ನು ತಡೆಯುವುದು ಕಷ್ಟ, ಗೊತ್ತು. ಆದರೂ ನೆಗಡಿ ವಾಸಿಯಾಗುವವರೆಗೆ ವಿಡಿಯೋ ಕಾಲ್‌ನಲ್ಲೇ ಮಾತಾಡಿಸಿ.