ಪ್ರಿಂಟರ್ ಕೊಳ್ಳುವ ಮುಂಚೆ ಹಾಳೆ ಎಣಿಸಿ: ಸಣ್ಣ ಆಫೀಸಿನ ಲೆಕ್ಕ

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿಗೆ ಹೋಗಿ "ಆಫೀಸಿಗೆ ಒಂದು ಪ್ರಿಂಟರ್ ಬೇಕ್ರಿ" ಅಂದರೆ ಮಾತು ಶುರುವಾಗುವುದೇ "ಬಜೆಟ್ ಎಷ್ಟ್ರಿ?" ಎಂಬಲ್ಲಿಂದ. ಅಲ್ಲೇ ದಾರಿ ತಪ್ಪುತ್ತದೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ. ತಿಂಗಳಿಗೆ ಎಷ್ಟು ಹಾಳೆ? ಎಂಥ ಹಾಳೆ? ಕರೆಂಟ್ ಹೋದಾಗಲೂ ಪ್ರಿಂಟ್ ಬರಲೇಬೇಕಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಯಂತ್ರ ಯಾವುದು ಅನ್ನೋದು ಹೆಚ್ಚುಕಮ್ಮಿ ತೀರ್ಮಾನವಾದ ಹಾಗೆ. ಹಾರ್ಡ್‌ವೇರ್ ಕಲಿಯುತ್ತಿರುವ ನಮ್ಮನ್ನು ಪರಿಚಯದವರು ಹಿಡಿದು ಕೇಳುವುದೂ ಇದನ್ನೇ ಅಲ್ವಾ? ಹಾಗಾಗಿ ಲೆಕ್ಕದ ದಾರಿಯನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಳಗೆ ಏನು ನಡೆಯುತ್ತದೆ

ಇಂಕ್‌ಜೆಟ್‌ನಲ್ಲಿ ದ್ರವ ಶಾಯಿ. ಕಣ್ಣಿಗೆ ಕಾಣದಷ್ಟು ಸಣ್ಣ ನಾಜಲ್‌ಗಳಿಂದ ಹನಿಗಳು ಹಾಳೆಯ ಮೇಲೆ ಬೀಳುತ್ತವೆ. ಶಾಯಿ ಪುಟ್ಟ ಕಾರ್ಟ್ರಿಜ್‌ನಲ್ಲಿ ಇದ್ದರೆ ಅದು ಕಾರ್ಟ್ರಿಜ್ ಪ್ರಿಂಟರ್. ಬಾಟಲಿಯಿಂದ ಸುರಿದು ತುಂಬುವಂತಿದ್ದರೆ ಇಂಕ್ ಟ್ಯಾಂಕ್. ಕಾರ್ಟ್ರಿಜ್ ದುಬಾರಿ ಅಂತ ಜನ ತಾವೇ ಪೈಪ್ ಜೋಡಿಸಿ ಹೊರಗಿನ ಬಾಟಲಿಯಿಂದ ಶಾಯಿ ಕೊಡಲು ಶುರುಮಾಡಿದ್ದರು. ಅದನ್ನು ನೋಡಿ ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ತನ್ನದೇ ಟ್ಯಾಂಕ್ ಪ್ರಿಂಟರ್ ಬಿಟ್ಟಿತು. ಉಳಿದ ಕಂಪನಿಗಳು ಹಿಂದೆಯೇ ಬಂದವು.

ಲೇಸರ್‌ನಲ್ಲಿ ಶಾಯಿಯೇ ಇಲ್ಲ. ಟೋನರ್ ಅಂದರೆ ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ. ಡ್ರಮ್ ಎಂಬ ಉರುಳೆಯ ಮೇಲೆ ಬೆಳಕು ಬರೆದ ಜಾಗಕ್ಕೆ ಪುಡಿ ಅಂಟುತ್ತದೆ, ಅಲ್ಲಿಂದ ಹಾಳೆಗೆ ದಾಟುತ್ತದೆ. ಆಮೇಲೆ ಫ್ಯೂಸರ್ ಎಂಬ ರೋಲರ್ ಸುಮಾರು 200 ಡಿಗ್ರಿ ಬಿಸಿಯಲ್ಲಿ ಅದನ್ನು ಕರಗಿಸಿ ಕೂರಿಸುತ್ತದೆ. ಲೇಸರ್ ಹಾಳೆ ಬೆಚ್ಚಗೆ ಹೊರಬರುವುದು ಇದಕ್ಕೇ. ಈ ಫ್ಯೂಸರ್ ನೆನಪಿರಲಿ, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಮಾತಿಗೆ ಮತ್ತೆ ಬೇಕು.

ಡಾಟ್ ಮ್ಯಾಟ್ರಿಕ್ಸ್‌ನಲ್ಲಿ 9 ಅಥವಾ 24 ಪಿನ್ನುಗಳು ರಿಬ್ಬನ್ ಮೇಲೆ ಕುಟ್ಟುತ್ತವೆ. ಥರ್ಮಲ್‌ನಲ್ಲಿ ಶಾಯಿಯೂ ಇಲ್ಲ, ಪುಡಿಯೂ ಇಲ್ಲ. ಬಿಸಿ ತಗುಲಿದ ಕಡೆ ಕಾಗದವೇ ಕಪ್ಪಾಗುತ್ತದೆ.

ಹಾಳೆಯ ಬೆಲೆ

ಒಂದು ಹಾಳೆಗೆ ಶಾಯಿಯ ಖರ್ಚು ಎಷ್ಟು? ಕಾರ್ಟ್ರಿಜ್, ಬಾಟಲಿ ಅಥವಾ ಟೋನರಿನ ಬೆಲೆಯನ್ನು ಅದರ ಯೀಲ್ಡ್‌ನಿಂದ ಭಾಗಿಸಿ. ಯೀಲ್ಡ್ ಅಂದರೆ ಅದು ಖಾಲಿಯಾಗುವುದರೊಳಗೆ ಬರುವ ಹಾಳೆಗಳು. ಡಬ್ಬಿಯ ಮೇಲೋ ಕಂಪನಿಯ ತಾಣದಲ್ಲೋ ಸಿಗುತ್ತದೆ.

ಧಾರವಾಡದ ಒಂದು ತೆರಿಗೆ ಸಲಹೆಗಾರರ ಆಫೀಸು ಅಂದುಕೊಳ್ಳಿ. ತಿಂಗಳಿಗೆ 600 ಪುಟ, ಬರೀ ಕಪ್ಪು. ಮೂರು ವರ್ಷಕ್ಕೆ 21,600 ಪುಟ. ಕೆಳಗಿನ ಬೆಲೆಗಳು ಲೆಕ್ಕ ಕಲಿಯಲು ನಾನು ಹಿಡಿದವು. ನೀವು ಮಾಡುವಾಗ ಅಂಗಡಿಯ ಅಂದಿನ ಬೆಲೆ ಹಾಕಿ.

ಕಾರ್ಟ್ರಿಜ್ ಪ್ರಿಂಟರ್ 4,000 ರೂಪಾಯಿ, ಪುಟಕ್ಕೆ 4.50. ಮೂರು ವರ್ಷಕ್ಕೆ ಶಾಯಿಗೇ 97,200. ಯಂತ್ರ ಸೇರಿ 1,01,200.
ಲೇಸರ್ 13,000, ಕಂಪನಿಯದೇ ಟೋನರ್, ಪುಟಕ್ಕೆ 2 ರೂಪಾಯಿ. ಒಟ್ಟು 56,200.
ಅದೇ ಲೇಸರ್, ಬೇರೆಯವರು ಮಾಡಿದ ಹೊರಗಿನ ಟೋನರ್, ಪುಟಕ್ಕೆ 50 ಪೈಸೆ. ಒಟ್ಟು 23,800.
ಇಂಕ್ ಟ್ಯಾಂಕ್ 13,000, ಪುಟಕ್ಕೆ 20 ಪೈಸೆ. ಒಟ್ಟು 17,320.

ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗ ಅನಿಸಿದ ಯಂತ್ರ ಇಲ್ಲಿ ಎಲ್ಲಕ್ಕಿಂತ ದುಬಾರಿ.

ಈಗ ಕಾಗದ ಸೇರಿಸಿ. 500 ಹಾಳೆಯ ರೀಮ್ 300 ರೂಪಾಯಿ ಅಂದರೆ ಹಾಳೆಗೆ 60 ಪೈಸೆ. 21,600 ಹಾಳೆಗೆ 12,960. ಇಂಕ್ ಟ್ಯಾಂಕ್‌ನಲ್ಲಿ ಶಾಯಿಯ ಖರ್ಚು 4,320, ಕಾಗದದ್ದು ಅದರ ಮೂರು ಪಟ್ಟು! ಟ್ಯಾಂಕ್ ಪ್ರಿಂಟರ್ ಇರುವವರು ಶಾಯಿ ಉಳಿಸಲು ಒದ್ದಾಡುವುದು ಸುಮ್ನೆ. ಎರಡೂ ಬದಿ ಪ್ರಿಂಟ್ ಮಾಡಿದರೆ ಕಾಗದದಲ್ಲೇ 6,480 ಉಳಿಯುತ್ತದೆ. ಅದಕ್ಕೇ ತಾನೇ ಹಾಳೆ ತಿರುವಿ ಹಾಕುವ ಆಟೋ ಡ್ಯುಪ್ಲೆಕ್ಸ್‌ಗೆ ಒಂದೆರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ವೈಫೈ, ಟಚ್ ಸ್ಕ್ರೀನು ಅಂತ ದುಡ್ಡು ಸುರಿಯುವವರು ಇದನ್ನು ಮಾತ್ರ ಬಿಟ್ಟುಬಿಡುತ್ತಾರೆ, ಯಾಕೋ.

ಯೀಲ್ಡ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಕಪ್ಪು ಟೋನರ್ ಅಳೆಯುವ ಪದ್ಧತಿ ಐಎಸ್‌ಒ/ಐಇಸಿ 19752. ಅದರ ಪರೀಕ್ಷಾ ಪುಟದಲ್ಲಿ ಕಪ್ಪು ಮುಚ್ಚುವುದು ಸುಮಾರು 5% ಜಾಗವನ್ನು ಮಾತ್ರ. ಅಂದರೆ ಒಂದು ಸಾದಾ ಪತ್ರ. ಪಾಸ್‌ಬುಕ್ಕಿನ ಝೆರಾಕ್ಸ್ ತೆಗೆದು ನೋಡಿ: ಫೋಟೊ ಗಾಢ ಕಪ್ಪು, ಮುಚ್ಚಳ ಸರಿಯಾಗಿ ಹಾಕದಿದ್ದರೆ ಅಂಚಿನಲ್ಲೆಲ್ಲ ಕಪ್ಪು ಪಟ್ಟಿ. ಅಂಥದ್ದೇ ಜಾಸ್ತಿ ಇರುವ ಅಂಗಡಿಯಲ್ಲಿ ಟೋನರ್ ಹೇಳಿದ ಲೆಕ್ಕಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಹೊಸ ಲೇಸರ್ ಜೊತೆ ಬರುವ ಟೋನರ್ ಹಲವು ಮಾಡೆಲ್‌ಗಳಲ್ಲಿ ಪೂರ್ತಿ ತುಂಬಿರುವುದಿಲ್ಲ, ಸ್ಟಾರ್ಟರ್ ಅಂತ ಕೊಡುತ್ತಾರೆ. ಅದನ್ನೂ ಕೇಳಿಕೊಳ್ಳಿ.

ಕಡಿಮೆ ಹಾಳೆಯ ಮನೆ

ತಿಂಗಳಿಗೆ 30 ಪುಟ ಇರುವ ಮನೆಗೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಇಂಕ್‌ಜೆಟ್ ಸುಮ್ಮನೆ ಕೂತರೆ ನಾಜಲ್‌ನಲ್ಲಿ ಶಾಯಿ ಒಣಗುತ್ತದೆ. ನಮ್ಮ ಕಡೆಯ ಮಾರ್ಚ್-ಏಪ್ರಿಲ್ ಒಣ ಬಿಸಿಲಿಗೆ ಇನ್ನೂ ಬೇಗ. ಆಗ ಹೆಡ್ ಕ್ಲೀನಿಂಗ್ ಕೊಡಬೇಕು. ಕ್ಲೀನಿಂಗ್ ಅಂದರೆ ಶಾಯಿಯನ್ನೇ ಎಳೆದು ಒಳಗಿನ ಪ್ಯಾಡಿಗೆ ಚೆಲ್ಲುವುದು. ಪ್ಯಾಡ್ ತುಂಬಿದರೆ ಯಂತ್ರ ನಿಂತು ಅದನ್ನು ಬದಲಿಸಿ ಎನ್ನುತ್ತದೆ. ವಾರಕ್ಕೊಂದು ಬಣ್ಣದ ಪುಟ ತೆಗೆಯುವ ಶಿಸ್ತು ಇದ್ದರೆ ಟ್ಯಾಂಕ್ ಸರಿ, ಇಲ್ಲದಿದ್ದರೆ ಲೇಸರ್. ಪುಡಿ ಒಣಗುವ ಪ್ರಶ್ನೆಯೇ ಇಲ್ಲ.

ಇನ್ನೂ ಒಂದು ಲೆಕ್ಕ ಇದೆ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ. ತಿಂಗಳಿಗೆ 30 ಪುಟ, ಮೂರು ವರ್ಷಕ್ಕೆ 1,080. ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 3 ರೂಪಾಯಿ ಅಂದರೂ 3,240. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆಂದು ರೂಮ್ ಮಾಡಿಕೊಂಡಿರುವವರಿಗೆ ಹೆಜ್ಜೆಗೊಂದು ಝೆರಾಕ್ಸ್ ಅಂಗಡಿ. ಅವರು ಪ್ರಿಂಟರ್ ಕೊಳ್ಳುವುದೇ ಬೇಡ ಅಂತ ನನ್ನ ಅಭಿಪ್ರಾಯ. ಹಾಗೇ ವರ್ಷಕ್ಕೊಮ್ಮೆ ಬೇಕಾಗುವ ಸಾವಿರ ಕರಪತ್ರಕ್ಕಾಗಿ ದೊಡ್ಡ ಯಂತ್ರ ತರಬೇಡಿ. ಗದಗಿನಂಥ ಮುದ್ರಣದ ಊರು ಪಕ್ಕದಲ್ಲೇ ಇದೆ, ಆಫ್‌ಸೆಟ್ಟಿಗೆ ಕೊಡಿ.

ಬ್ಯಾಡಗಿಯ ದಲಾಲಿ ಅಂಗಡಿ

ಡಾಟ್ ಮ್ಯಾಟ್ರಿಕ್ಸ್ ಹಳೇ ಕಾಲದ್ದು ಅಂತ ಪಾಠದಲ್ಲಿ ಎರಡು ಸಾಲಲ್ಲಿ ಮುಗಿಸುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಂಥ ಜಾಗಕ್ಕೆ ಈ ಪಾಠ ಹಚ್ಚಿ ನೋಡಿ. ಜಿಎಸ್‌ಟಿ ನಿಯಮದಲ್ಲಿ ಸರಕಿನ ಬಿಲ್ಲು ಮೂರು ಪ್ರತಿ: ಕೊಂಡವರಿಗೊಂದು, ಸಾಗಿಸುವವರಿಗೊಂದು, ಮಾರಿದವರಿಗೊಂದು. ಕಾರ್ಬನ್ ಪ್ರತಿ ಬರುವ ಮೂರು ಪದರದ ಕಾಗದ ಹಾಕಿದರೆ ಪಿನ್ನಿನ ಏಟು ಕೆಳಗಿನ ಹಾಳೆಯವರೆಗೂ ಇಳಿಯುತ್ತದೆ, ಒಂದೇ ಸಲಕ್ಕೆ ಮೂರು ಪ್ರತಿ. ಲೇಸರ್, ಇಂಕ್‌ಜೆಟ್‌ಗೆ ಏಟೇ ಇಲ್ಲ, ಮೂರು ಸಲ ತೆಗೆಯಬೇಕು. ಸುಗ್ಗಿಯಲ್ಲಿ ಗಾಳಿಯ ತುಂಬ ಖಾರದ ಧೂಳು ಬೇರೆ. ಲೇಸರಿನ ಫ್ಯಾನು ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಒಳಗೆ ಬೆಳಕು ತಿರುಗಿಸುವ ಕನ್ನಡಿಯ ಮೇಲೆ ಕೂತರೆ ಅಕ್ಷರ ಮಸುಕಾಗುತ್ತದೆ. ಡಾಟ್ ಮ್ಯಾಟ್ರಿಕ್ಸ್ ಕಿರ್ರ್ ಅಂತ ಕಿರುಚುತ್ತದೆ, ನಿಜ. ಆದರೆ ಸಂತೆಯಂಥ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ.

ಬಿಲ್ಲು ಕನ್ನಡದಲ್ಲಿ ಬೇಕು ಅಂದರೆ ಒಂದು ತೊಡಕು. ಡಾಟ್ ಮ್ಯಾಟ್ರಿಕ್ಸ್ ಮತ್ತು ಥರ್ಮಲ್ ಯಂತ್ರಗಳ ಒಳಗೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಕನ್ನಡವನ್ನು ಸಾಫ್ಟ್‌ವೇರು ಚಿತ್ರವಾಗಿ ಮಾಡಿ ಕಳಿಸಬೇಕು. ಆಗ ವೇಗ ಇಳಿಯುತ್ತದೆ, 9 ಪಿನ್ನಿನಲ್ಲಿ ಒತ್ತಕ್ಷರ ಕಲಸಿಕೊಳ್ಳುತ್ತವೆ. ಕನ್ನಡಕ್ಕೆ 24 ಪಿನ್ನೇ ವಾಸಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೇ ಒಂದು ಕನ್ನಡ ಬಿಲ್ಲು ತೆಗೆಸಿ ನೋಡದೆ ದುಡ್ಡು ಕೊಡಬೇಡಿ. "ಸ್ತ್ರೀ", "ಕಾರ್ಖಾನೆ" ಇಂಥ ಪದ ಇರಲಿ, ಬಂಡವಾಳ ಬಯಲಾಗುತ್ತದೆ.

ಕಿರಾಣಿ ಅಂಗಡಿ, ಖಾನಾವಳಿಗೆ ಥರ್ಮಲ್ ಸಾಕು. ರೋಲು ಎರಡು ಇಂಚಿನದು ಅಥವಾ ಮೂರು ಇಂಚಿನದು, ಅಂದರೆ 58 ಅಥವಾ 80 ಮಿಲಿಮೀಟರ್. ಅದರ ಅಕ್ಷರ ಮಾತ್ರ ಬಿಸಿಲಿಗೆ, ಶಾಖಕ್ಕೆ ಅಳಿಸಿ ಹೋಗುತ್ತದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಥರ್ಮಲ್ ಚೀಟಿಯನ್ನೇ ಫೈಲ್ ಮಾಡಿಟ್ಟರೆ ಆರು ವರ್ಷದ ನಂತರ ಕೈಗೆ ಸಿಗುವುದು ಬಿಳೀ ಕಾಗದ. ಸಾಫ್ಟ್‌ವೇರಿನಲ್ಲಿ ಪಿಡಿಎಫ್ ಉಳಿಸಿ, ಬ್ಯಾಕಪ್ ಇಡಿ.

ಕರೆಂಟ್ ಹೋದಾಗ

ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ, ಕೆಳಗೆ ಊರಲ್ಲಿ ಕರೆಂಟ್ ಇರುವುದಿಲ್ಲ. ಆ ವಿದ್ಯುತ್ ಹೋಗುವುದು ಗ್ರಿಡ್ಡಿಗೆ, ನಮ್ಮ ಬೀದಿಗೆ ನೇರವಾಗಿ ಅಲ್ಲ. ಹಾಗಾಗಿ ಯುಪಿಎಸ್ ಬೇಕು.

600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಅಂದರೆ 600 ವ್ಯಾಟ್ ಅಂದುಕೊಳ್ಳಬೇಡಿ. ಅಗ್ಗದ ಮಾಡೆಲ್‌ಗಳ ಪವರ್ ಫ್ಯಾಕ್ಟರ್ (ವಿಎಯಲ್ಲಿ ವ್ಯಾಟ್ ಆಗಿ ಸಿಗುವ ಪಾಲು) 0.6 ಇರುತ್ತದೆ, ಅಂದರೆ 360 ವ್ಯಾಟ್. ಒಳಗಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್). ಗುಣಿಸಿದರೆ 84 ವ್ಯಾಟ್-ಅವರ್. ಡೆಸ್ಕ್‌ಟಾಪ್, ಮಾನಿಟರ್ ಸೇರಿ 120 ವ್ಯಾಟ್ ಎಳೆದರೆ ಲೆಕ್ಕದ ಪ್ರಕಾರ 42 ನಿಮಿಷ. ನಿಜದಲ್ಲಿ ಅದರ ಅರ್ಧ ಬಂದರೆ ಪುಣ್ಯ. ಕಾರಣ ಹೀಗಿದೆ: ಆ 7 ಎಎಚ್ ಅನ್ನೋದು 20 ಗಂಟೆಯ ಕಾಲ ನಿಧಾನವಾಗಿ, 0.35 ಆಂಪಿಯರ್‌ನಂತೆ ಎಳೆದಾಗಿನ ಲೆಕ್ಕ. ಇಲ್ಲಿ ಎಳೆಯುತ್ತಿರುವುದು 10 ಆಂಪಿಯರ್. ಲೆಡ್-ಆಸಿಡ್ ಬ್ಯಾಟರಿ ಜೋರಾಗಿ ಎಳೆದಷ್ಟೂ ಕಡಿಮೆ ಕೊಡುತ್ತದೆ. ಇನ್ವರ್ಟರ್ ಬ್ಯಾಟರಿಗೂ ಇದೇ ಮಾತು.

ಇದಕ್ಕೆ ಲೇಸರ್ ಪ್ರಿಂಟರ್ ಸಿಕ್ಕಿಸಿದರೆ ಏನಾಗುತ್ತದೆ? ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಅದು ನೂರಾರು ವ್ಯಾಟ್ ಒಮ್ಮೆಗೇ ಎಳೆಯುತ್ತದೆ. ಯುಪಿಎಸ್ ಕುಂಯ್ ಅಂದು ಬಂದ್. ಜೊತೆಗೆ ಕಂಪ್ಯೂಟರೂ ಬಂದ್, ಅರ್ಧ ತುಂಬಿದ ರಿಟರ್ನೂ ಹೋಯಿತು. ಲೇಸರನ್ನು ಸಣ್ಣ ಯುಪಿಎಸ್‌ಗೆ ಯಾವತ್ತೂ ಹಾಕಬೇಡಿ, ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಇಂಕ್ ಟ್ಯಾಂಕ್ ಪ್ರಿಂಟ್ ಮಾಡುವಾಗ ಎಳೆಯುವುದು ಹೆಚ್ಚೆಂದರೆ 15-20 ವ್ಯಾಟ್. ಕರೆಂಟ್ ಇಲ್ಲದಾಗಲೂ ಗಿರಾಕಿಗೆ ಪ್ರಿಂಟ್ ಕೊಡಬೇಕು ಅನ್ನುವವರು ಟ್ಯಾಂಕ್ ಆರಿಸಲು ನನಗೆ ಇದೇ ದೊಡ್ಡ ಕಾರಣ. ಹಾಳೆಯ ಬೆಲೆ ಎರಡನೆಯದು.

ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಹಾಕುವವರು ಅದರ ಹಿಂಬದಿಯ ಸ್ವಿಚ್ ನೋಡಿ. ಯುಪಿಎಸ್ ಮೋಡ್‌ನಲ್ಲಿ ಇದ್ದರೆ ಸುಮಾರು 10 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ದಾಟುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಸಾದಾ ಮೋಡ್‌ನಲ್ಲಿ ಅದಕ್ಕಿಂತ ನಿಧಾನ, ರೀಸ್ಟಾರ್ಟ್ ಆಗಬಹುದು. ಲ್ಯಾಪ್‌ಟಾಪ್ ಇದ್ದವರಿಗೆ ಈ ತಲೆನೋವಿಲ್ಲ. ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ತಂದರೆ ಸಾಕು, ಅಡಾಪ್ಟರಿನ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ.

ಉಳಿದ ಎರಡು ಮಾತು

ನಿಮಿಷಕ್ಕೆ 30 ಪುಟ ಅಂತ ಡಬ್ಬಿಯ ಮೇಲೆ ಇರುವುದು ನೂರು ಪುಟ ಒಟ್ಟಿಗೆ ತೆಗೆಯುವವರಿಗೆ ಉಪಯೋಗ. "ರೀ, ಒಂದೇ ಹಾಳಿ ಐತಿ, ಲಗೂ ಕೊಡ್ರಿ" ಎನ್ನುವ ಗಿರಾಕಿ ಎದುರಿಗಿದ್ದರೆ ನೋಡಬೇಕಾದದ್ದು ಮೊದಲ ಪುಟ ಬರಲು ಎಷ್ಟು ಸೆಕೆಂಡ್ ಅನ್ನೋದು.

ಕರಾರು ಪತ್ರ, ಅಫಿಡವಿಟ್ ಟೈಪ್ ಮಾಡುವವರು ಲೀಗಲ್ ಸೈಜ್ ಹಾಳೆ ಜೊತೆಗೊಯ್ದು ಅಂಗಡಿಯಲ್ಲೇ ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟು ನೋಡಿ. ಟ್ರೇ ಲೀಗಲ್ ಹಾಳೆ ತಗೊಂಡರೂ ಗಾಜು ಎ4 ಅಳತೆಯದೇ ಆಗಿರುವುದು ಜಾಸ್ತಿ. ಆ ಹಾಳೆ ಸುಮಾರು 356 ಮಿಲಿಮೀಟರ್ ಉದ್ದ, ಎ4 ಬರೀ 297. ಕೊನೆಯ ಸಾಲು, ಸಹಿ ಎರಡೂ ಹೊರಗೇ ಉಳಿಯುತ್ತವೆ.

ವಾರಂಟಿಯಲ್ಲಿ "ಒಂದು ವರ್ಷ ಅಥವಾ ಇಷ್ಟು ಪುಟ, ಯಾವುದು ಮೊದಲೋ ಅದು" ಅಂತ ಇರುತ್ತದೆ, ಪುಟದ ಸಂಖ್ಯೆ ಓದಿ. ರಿಪೇರಿಗೆ ಯಾರು ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಕೇಳಿ. ಹಾವೇರಿ, ಗದಗಿನವರಿಗೆ ಯಂತ್ರ ಹೊತ್ತು ಹುಬ್ಬಳ್ಳಿಗೆ ಬರುವುದು ಅಂದರೆ ಒಂದು ದಿನದ ವ್ಯಾಪಾರ ಹೋದಂತೆ. ಆನ್‌ಸೈಟ್ ವಾರಂಟಿ ಅಂದರೆ ನಿಮ್ಮ ಊರಿನ ಪಿನ್‌ಕೋಡಿಗೂ ಆನ್‌ಸೈಟೇನಾ ಅಂತ ಕೇಳಿ, ಹೌದು ಅಂದರೆ ಅದನ್ನು ಬಿಲ್ಲಿನ ಮೇಲೆ ಸೀರಿಯಲ್ ನಂಬರಿನ ಪಕ್ಕದಲ್ಲೇ ಬರೆಸಿಕೊಳ್ಳಿ.