ನೆಗಡಿ ಇದ್ರೆ ಹಾರಬಹುದು, ಮುಳುಗಬಾರದು

ಅಂಡಮಾನ್‌ಗೆ ಹೊರಡಲು ಇನ್ನು ಮೂರೇ ದಿನ. ಬೆಳಗ್ಗೆ ಎದ್ದರೆ ಮೂಗು ಬಂದ್. ಮಧ್ಯಾಹ್ನದ ಹೊತ್ತಿಗೆ ಎಡಗಿವಿಗೆ ಹತ್ತಿ ತುರುಕಿದ ಹಾಗಾಯಿತು. ಶುಂಠಿ ಕಷಾಯ, ಮೆಣಸಿನ ಸಾರು, ಹಬೆ ಎಲ್ಲಾ ಆಯ್ತು. ಟಿಕೆಟ್ ದುಡ್ಡು ವಾಪಸ್ ಬರುವಂಥದ್ದಲ್ಲ, ಸಮುದ್ರದಲ್ಲಿ ಮುಳುಗುವ ಸ್ಕೂಬಾಗೂ ಮುಂಗಡ ಕೊಟ್ಟಾಗಿತ್ತು. ಕೊನೆಗೆ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ.

ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾ, "ಮೂಗು ಹಿಡ್ಕೊಂಡು ಎಂಜಲು ನುಂಗಿ" ಎಂದರು. ಎರಡನೇ ಸಲ ನುಂಗಿದಾಗ ಒಳಗೆ ಟಕ್ ಅಂದಿತು. "ಪರವಾಗಿಲ್ಲ, ಕಿವಿ ತಮಟೆ ಅಲ್ಲಾಡ್ತಿದೆ. ಫ್ಲೈಟಲ್ಲಿ ಹೋಗಿ. ಸಮುದ್ರದಲ್ಲಿ ಮುಳುಗೋದು ಮಾತ್ರ ಬೇಡ."

35,000 ಅಡಿ ಮೇಲೆ ಹೋದರೆ ತೊಂದರೆಯಿಲ್ಲ, 12 ಮೀಟರ್ ಕೆಳಗೆ ಹೋದರೆ ತೊಂದರೆಯಾ? ಮನೆಗೆ ಬಂದು ಲೆಕ್ಕ ಹಾಕುತ್ತಾ ಕೂತೆ.

ಮಡಿಕೇರಿಯಲ್ಲಿ ನೀರು ಕುಡಿದು ಖಾಲಿ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲಿ ನೋಡಿ. ಬಾಟಲಿ ಸೊಟ್ಟಗಾಗಿರುತ್ತದೆ. ಕೆಳಗಿನ ಗಾಳಿಯ ಒತ್ತಡ ಜಾಸ್ತಿ, ಅಷ್ಟೇ. ತಮಟೆಯ ಹಿಂದೆಯೂ ಇಂಥದೇ ಒಂದು ಪುಟ್ಟ ಗಾಳಿಗೂಡು ಇದೆ. ಅದರಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ನಳಿಕೆ ಹೋಗುತ್ತದೆ. 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ಟೊಲೊಮಿಯೊ ಯುಸ್ಟೇಶಿಯ ಹೆಸರಲ್ಲಿ ಅದು ಯುಸ್ಟೇಶಿಯನ್ ನಳಿಕೆ. ಮಾಮೂಲಿಯಾಗಿ ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಒಳಗಿನ ಹೊರಗಿನ ಒತ್ತಡ ಸರಿದೂಗಿಸುತ್ತದೆ.

ಈ ನಳಿಕೆ ಎರಡೂ ಕಡೆಗೆ ಒಂದೇ ಥರ ಕೆಲಸ ಮಾಡುವುದಿಲ್ಲ. ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ತಾನೇ ದಾರಿ ಮಾಡಿಕೊಂಡು ಹೊರಬರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು. ಆದರೆ ಹೊರಗಿನ ಒತ್ತಡವೇ ನಳಿಕೆಯ ಮೆತ್ತನೆಯ ಬಾಯನ್ನು ಅದುಮಿ ಹಿಡಿಯುತ್ತದೆ. ಒತ್ತಡದ ವ್ಯತ್ಯಾಸ ಸುಮಾರು 90 ಮಿಲಿಮೀಟರ್ ಪಾದರಸ (ಬಿಪಿ ಅಳೆಯುವುದೂ ಇದೇ ಮಾನದಲ್ಲಿ) ದಾಟಿತೆಂದರೆ ಎಷ್ಟು ನುಂಗಿದರೂ ತೆರೆಯುವುದು ಕಷ್ಟ. ನೆಗಡಿಯಲ್ಲಿ ಆ ಬಾಯಿ ಮೊದಲೇ ಊದಿಕೊಂಡಿರುತ್ತದೆ. ಹೀಗೆ ಬೀಗ ಬಿದ್ದರೆ ತಮಟೆ ಒಳಕ್ಕೆ ಜಗ್ಗಿ ಜೀವ ಹೋಗುವಂಥ ನೋವು.

ಈಗ ವಿಮಾನದ ಲೆಕ್ಕ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಒತ್ತಡ 8,000 ಅಡಿಯಲ್ಲಿ ಇರುವುದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಹೆಚ್ಚುಕಮ್ಮಿ ಊಟಿಯಲ್ಲಿ ಕೂತ ಹಾಗೆ. ಆಗ ವಿಮಾನದೊಳಗೆ ಒತ್ತಡ ಸುಮಾರು 565 ಮಿಲಿಮೀಟರ್, ಸಮುದ್ರಮಟ್ಟದಲ್ಲಿ 760. ಇಳಿಯುವಾಗ ಕಿವಿ ನಿಭಾಯಿಸಬೇಕಾದ ವ್ಯತ್ಯಾಸ 195. ಅದನ್ನು ನುಂಗಿ ನುಂಗಿ ಸ್ವಲ್ಪಸ್ವಲ್ಪವಾಗಿ ಸರಿದೂಗಿಸಲು ಅರ್ಧ ಗಂಟೆಯಷ್ಟು ಸಮಯವೂ ಸಿಗುತ್ತದೆ.

ನೀರಿನಲ್ಲಿ? ಒಂದೊಂದು ಮೀಟರ್ ಇಳಿದಾಗಲೂ ಒತ್ತಡ ಸುಮಾರು 76 ಮಿಲಿಮೀಟರ್ ಏರುತ್ತದೆ. ಅಂದರೆ ವಿಮಾನದ ಇಡೀ ಇಳಿತ ಸಮುದ್ರದಲ್ಲಿ ಬರೀ ಎರಡೂವರೆ ಮೀಟರ್! ಬೀಗ ಬೀಳುವ ಆ 90 ಬರಲು ಎದೆಮಟ್ಟದ ಆಳ ಸಾಕು. ಅಲ್ಲಿಗೆ ಮುಳುಗಲು ಕೆಲವೇ ಸೆಕೆಂಡು. ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಹೇಗೋ ಇಳಿದರೂ ಇನ್ನೊಂದು ಅಪಾಯವಿದೆ. ಆಳದಲ್ಲಿ ಔಷಧಿಯ ಪ್ರಭಾವ ಇಳಿದು ನಳಿಕೆ ಮುಚ್ಚಿಕೊಂಡರೆ, ಮೇಲೆ ಬರುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಮುಂಗಡದ ಆಸೆ ಅಲ್ಲಿಗೆ ಬಿಟ್ಟೆ.

ವಿಮಾನ ಇಳಿಯತೊಡಗುವ ಅರ್ಧ ಗಂಟೆ ಮುಂಚೆ, ಡಾಕ್ಟರ್ ಬರೆದುಕೊಟ್ಟಿದ್ದ, ಮೂಗಿನ ಊತ ಇಳಿಸುವ ಆಕ್ಸಿಮೆಟಾಜೊಲಿನ್ ಡ್ರಾಪ್ಸ್ ಹಾಕಿಕೊಂಡೆ. ಇದನ್ನು ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಉಲ್ಟಾ ಇನ್ನಷ್ಟು ಕಟ್ಟುತ್ತದೆ. ಬಿಪಿ ಇರುವವರು, ಚಿಕ್ಕ ಮಕ್ಕಳಿಗೆ ಹಾಕುವವರು ಕೇಳದೆ ಬಳಸಬಾರದು. ಇಳಿಯುವಾಗ ನಿದ್ದೆ ಮಾಡಬೇಡಿ ಎಂದೂ ಹೇಳಿದ್ದರು, ನಿದ್ದೆಯಲ್ಲಿ ನುಂಗುವುದೇ ಕಡಿಮೆ. ಪೆಪ್ಪರ್‌ಮಿಂಟ್ ಚೀಪುತ್ತಾ, ನಿಮಿಷಕ್ಕೊಮ್ಮೆ ಮೂಗು ಹಿಡಿದು ನುಂಗುತ್ತಾ ಕೂತೆ. ಪಕ್ಕದ ಸೀಟಿನವರು ಒಂಥರಾ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗುವಿಗೆ ಹಾಲು ಕುಡಿಸುತ್ತಿದ್ದರು. ಆ ಮಗುವಿಗೂ ನನಗೂ ಒಂದೇ ಮದ್ದು, ನುಂಗುವುದು! ಎಡಗಿವಿ ಎರಡು ಸಲ ಚುಳ್ ಎಂದು ಸುಮ್ಮನಾಯಿತು. ಅಂದಹಾಗೆ, ಆ ದಿನ ನುಂಗಿದಾಗ ಟಕ್ ಅನ್ನದೇ ಇದ್ದಿದ್ದರೆ, ಜ್ವರ ಅಥವಾ ಕೀವು ಇದ್ದಿದ್ದರೆ ಟಿಕೆಟ್ ದುಡ್ಡು ಹೋದರೂ ಮನೆಯಲ್ಲೇ ಇರುತ್ತಿದ್ದೆ.

ಸಮುದ್ರದಲ್ಲಿ ಮನೆಯವರು ಮುಳುಗಿ ಮೀನು ನೋಡಿದರು, ನಾನು ಮಾಸ್ಕ್ ಹಾಕಿ ಮೇಲೇ ತೇಲಿದೆ. ಹವಳ ಅಲ್ಲಿಂದಲೂ ಕಾಣುತ್ತಿತ್ತು.

ವಾಪಸ್ ಬರುವಾಗ ಕಿವಿಗೆ ಅಷ್ಟು ಕಷ್ಟವಾಗಲಿಲ್ಲ. ನೆಗಡಿ ಕಡಿಮೆಯಾಗಿದ್ದು ಒಂದು ಕಾರಣ. ಇನ್ನೊಂದು ಕಾರಣ ಬೆಂಗಳೂರು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರ ಅಲ್ವಾ, ಇಲ್ಲಿ ಒತ್ತಡ ಸುಮಾರು 680. ಹಾಗಾಗಿ ವ್ಯತ್ಯಾಸ 195 ಅಲ್ಲ, 115. ಹೋಗುವಾಗ ಮೋಡದ ಮೇಲೆ ಮುಚ್ಚಿದ್ದ ಖಾಲಿ ಬಾಟಲಿ ಪೋರ್ಟ್ ಬ್ಲೇರ್‌ನಲ್ಲಿ ನಜ್ಜುಗುಜ್ಜಾಗಿತ್ತು. ಬರುವಾಗ ಮುಚ್ಚಿದ್ದು ಬೆಂಗಳೂರಲ್ಲಿ ಸೊಂಟದ ಹತ್ತಿರ ಸ್ವಲ್ಪ ಒಳಸೇರಿತ್ತು, ಅಷ್ಟೇ.